ಹಳೆಯ ವಾದ್ಯಗಳಲ್ಲಿ ಬ್ರಾಂಡೆನ್‌ಬರ್ಗ್ ಕನ್ಚೆರ್ಟೊಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬರೋಕ್ ಕಾಲದ, ಅಂದರೆ ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನ, ವಾದ್ಯಗಳಲ್ಲಿ ನುಡಿಸಿದ ರೆಕಾರ್ಡಿಂಗ್‌ಗಳನ್ನು ಕೇಳಬೇಕು ಅನ್ನುವವರು ಬಹುಪಾಲು ಬಾಖ್‌ನ ಆರು ಬ್ರಾಂಡೆನ್‌ಬರ್ಗ್ ಕನ್ಚೆರ್ಟೊಗಳಿಂದಲೇ ಶುರು ಮಾಡುತ್ತಾರೆ. ಕನ್ಚೆರ್ಟೊ ಅಂದರೆ ಒಂದೋ ಕೆಲವೋ ವಾದ್ಯಗಳು ಮುಂದೆ ನಿಂತು ಉಳಿದ ತಂಡದ ಜೊತೆ ನುಡಿಸುವ ಕೃತಿ. ಇಲ್ಲಿನ ಪ್ರಶ್ನೆಗಳೂ ಹೆಚ್ಚಾಗಿ ಈ ಆರರ ಬಗ್ಗೆಯೇ ಇವೆ. ಬರೋಕ್ ಕಾಲದ ಬೇರೆ ಸಂಗೀತಗಾರರಾದ ವಿವಾಲ್ಡಿ, ಹ್ಯಾಂಡೆಲ್, ಕೊರೆಲ್ಲಿ ಕೊನೆಯ ಕಡೆಗೆ ಬರುತ್ತಾರೆ.

ಇವು ಯಾವ ಕೃತಿಗಳು? ಸ್ವಲ್ಪ ಹಿನ್ನೆಲೆ ಹೇಳ್ತೀರಾ?

ಯೊಹಾನ್ ಸೆಬಾಸ್ಟಿಯನ್ ಬಾಖ್ 1717ರಿಂದ 1723ರವರೆಗೆ ಜರ್ಮನಿಯ ಕ್ಯೋಥನ್ ಎಂಬ ಚಿಕ್ಕ ಸಂಸ್ಥಾನದಲ್ಲಿ ಆಸ್ಥಾನ ಸಂಗೀತದ ಮುಖ್ಯಸ್ಥನಾಗಿದ್ದ. ಅಲ್ಲಿನ ರಾಜಕುಮಾರ ಲಿಯೊಪೋಲ್ಡ್‌ಗೆ ಸಂಗೀತ ಅಂದರೆ ಪ್ರಾಣ, ತಾನೂ ನುಡಿಸುತ್ತಿದ್ದ. 1713ರಲ್ಲಿ ಬರ್ಲಿನ್‌ನ ಹೊಸ ದೊರೆ ಫ್ರೆಡ್ರಿಕ್ ವಿಲ್ಹೆಲ್ಮ್ ತನ್ನ ಆಸ್ಥಾನದ ವಾದ್ಯಗಾರರನ್ನು ಕೆಲಸದಿಂದ ತೆಗೆದಿದ್ದ. ಅವರಲ್ಲಿ ಕೆಲವರು ಕ್ಯೋಥನ್ ಸೇರಿದರು. ಹಾಗಾಗಿ ಊರು ಚಿಕ್ಕದಾದರೂ ಬಾಖ್‌ಗೆ ಸಿಕ್ಕ ತಂಡ ಮೊದಲ ದರ್ಜೆಯದು.

1721ರ ಮಾರ್ಚ್ 24ರ ದಿನಾಂಕ ಹಾಕಿ, ಫ್ರೆಂಚ್‌ನಲ್ಲಿ ಅರ್ಪಣೆಯ ಮಾತು ಬರೆದು, ಆರು ಕನ್ಚೆರ್ಟೊಗಳ ಕೈಬರಹದ ಪ್ರತಿಯನ್ನು ಅವನು ಬ್ರಾಂಡೆನ್‌ಬರ್ಗ್‌ನ ರಾಜಮನೆತನದ ಕ್ರಿಶ್ಚಿಯನ್ ಲುಡ್ವಿಗ್‌ಗೆ ಅರ್ಪಿಸಿದ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಆ ಪ್ರತಿಯನ್ನು ಕೇಳುವವರಿರಲಿಲ್ಲ. 1849ರಲ್ಲಿ ಡೇನ್ ಎಂಬ ವಿದ್ವಾಂಸರ ಕಣ್ಣಿಗೆ ಬಿತ್ತು, ಮರುವರ್ಷ ಅಚ್ಚಾಯಿತು.

ಆರಕ್ಕೆ ಆರೂ ಬೇರೆ ಬೇರೆ ವಾದ್ಯಗಳ ಗುಂಪಿಗೆ ಬರೆದವು. ಒಂದರಲ್ಲಿ ಬೇಟೆಯ ಕೊಂಬು, ಇನ್ನೊಂದರಲ್ಲಿ ಟ್ರಂಪೆಟ್ ಜೊತೆ ಕೊಳಲು, ಮತ್ತೊಂದರಲ್ಲಿ ಪಿಟೀಲೇ ಇಲ್ಲ. ಯಾವ ವಾದ್ಯದ ಪಕ್ಕ ಯಾವುದು ನಿಂತಿದೆ ಅನ್ನುವುದೇ ಇಲ್ಲಿ ಅರ್ಧ ಸಂಗೀತ. ಅದಕ್ಕೇ ವಾದ್ಯ ಬದಲಾದರೆ ಈ ಕೃತಿಗಳಿಗೆ ಆಗುವ ನಷ್ಟ ಜಾಸ್ತಿ.

ಹಳೆಯ ವಾದ್ಯ ಅಂದರೆ ನಿಜವಾಗಿ 300 ವರ್ಷ ಹಳೆಯದೇ?

ಕೆಲವು ಹೌದು. ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಯೋಲಾ, ಇನ್ನೂ ದೊಡ್ಡದಾದ, ತಗ್ಗಿನ ದನಿಯ ಚೆಲ್ಲೋಗಳಲ್ಲಿ 17 ಮತ್ತು 18ನೇ ಶತಮಾನದವು ಈಗಲೂ ಬಳಕೆಯಲ್ಲಿವೆ. ಆದರೆ ಅವುಗಳಲ್ಲಿ ಹೆಚ್ಚಿನವನ್ನು 19ನೇ ಶತಮಾನದಲ್ಲಿ ಬಿಚ್ಚಿ ಬದಲಾಯಿಸಿದ್ದರು. ಈಗ ಮತ್ತೆ ಮೊದಲಿನ ರೂಪಕ್ಕೆ ತಂದು ನುಡಿಸುತ್ತಾರೆ. ಕೊಳಲು, ಓಬೋ ಎಂಬ ಮರದ ಊದುವ ವಾದ್ಯ, ಪಿಯಾನೊದಂತೆ ಮನೆಗಳಿರುವ ಹಾರ್ಪ್ಸಿಕಾರ್ಡ್, ಟ್ರಂಪೆಟ್‌ಗಳು ಸಾಮಾನ್ಯವಾಗಿ ಮ್ಯೂಸಿಯಂಗಳಲ್ಲಿರುವ ವಾದ್ಯಗಳ ಅಳತೆ ತೆಗೆದು ಇತ್ತೀಚೆಗೆ ಮಾಡಿದ ಪ್ರತಿಗಳು. ಪ್ರತಿ ಅಂದ ಮಾತ್ರಕ್ಕೆ ಕೀಳಲ್ಲ. ಬಾಖ್‌ನ ತಂಡದವರು ನುಡಿಸಿದ್ದೂ ಆಗ ಹೊಸದಾಗಿದ್ದ ವಾದ್ಯಗಳನ್ನೇ ಅಲ್ವಾ?

ಈಗಿನ ಪಿಟೀಲಿಗೂ ಆಗಿನದಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ?

ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಕೇಳಿದರೆ ಗೊತ್ತಾಗುತ್ತದೆ. ಆಗಿನ ತಂತಿ ಕುರಿಯ ಕರುಳಿನದು, ಈಗಿನದು ಹೆಚ್ಚಾಗಿ ಲೋಹದ್ದು ಇಲ್ಲವೇ ಲೋಹ ಸುತ್ತಿದ ನೈಲಾನ್‌ನದು. ಕರುಳಿನ ತಂತಿಯ ನಾದದಲ್ಲಿ ಸ್ವಲ್ಪ ಒರಟುತನ ಇರುತ್ತದೆ. ಪ್ರತಿ ಸ್ವರ ಹುಟ್ಟುವಾಗ ಕಮಾನು ತಂತಿಗೆ ತಾಗುವ ಸದ್ದು ಕಿವಿಗೆ ಬೀಳುತ್ತದೆ. ಕತ್ತಿನ ಕೋನ ಬೇರೆ, ತಂತಿಯ ಬಿಗಿ ಕಡಿಮೆ, ಗಲ್ಲಕ್ಕೆ ಆಸರೆ ಇಲ್ಲ. ಚೆಲ್ಲೋಗೆ ನೆಲಕ್ಕೆ ಊರುವ ಸರಳು ಇಲ್ಲ, ಕಾಲುಗಳ ನಡುವೆ ಹಿಡಿದುಕೊಳ್ಳುತ್ತಾರೆ.

ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇರುವುದು ಕಮಾನಿನಲ್ಲಿ. ಬರೋಕ್ ಕಮಾನು ಹಗುರ, ಹೊರಕ್ಕೆ ಬಾಗಿರುತ್ತದೆ, ತುದಿಯ ಕಡೆ ಬಲ ಕಡಿಮೆ. ಕೆಳಕ್ಕೆ ಎಳೆದರೆ ಗಟ್ಟಿ, ಮೇಲಕ್ಕೆ ತಳ್ಳಿದರೆ ಮೆತ್ತಗೆ. ಹಾಗಾಗಿ ಸ್ವರಗಳು ಒಂದೇ ಸಮನಾಗಿ ಹರಿಯುವುದಿಲ್ಲ. ಮಾತಿನ ಹಾಗೆ ಒಂದಕ್ಕೆ ಒತ್ತು, ಇನ್ನೊಂದಕ್ಕೆ ಬಿಡುವು. ಉದ್ದಕ್ಕೂ ಸಮನಾದ ಬಲ ಕೊಡುವ ಈಗಿನ ಕಮಾನು ರೂಪುಗೊಂಡದ್ದು 1780ರ ಆಸುಪಾಸಿನಲ್ಲಿ, ಪ್ಯಾರಿಸ್‌ನ ಟೂರ್ಟ್ ಅವರ ಕೈಯಲ್ಲಿ.

ಈ ಬದಲಾವಣೆಗಳೆಲ್ಲ ಆದದ್ದು ಸಭಾಂಗಣ ದೊಡ್ಡದಾಗುತ್ತಾ ಹೋಗಿ, ನಾದವೂ ದೊಡ್ಡದಾಗಬೇಕಾಗಿ ಬಂದಾಗ. ನಮ್ಮಲ್ಲೂ ಹೀಗೆ ಆಗಿದೆ. ಮೈಕು ಇಲ್ಲದ ಕಚೇರಿಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಲಿ ಅಂತಲೇ ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಅವರ ನಾದವನ್ನು ಅರ್ಥ ಮಾಡಿಕೊಳ್ಳಲು ಆ ಏಳು ತಂತಿಯ ವಾದ್ಯ ಹೇಗೆ ಬೇಕೋ, ಬಾಖ್‌ನ ನಾದಕ್ಕೆ ಕರುಳಿನ ತಂತಿ ಹಾಗೆ ಬೇಕು.

ಶ್ರುತಿ ಯಾಕೆ ಕೆಳಗಿದೆ? ನನ್ನ ಕೀಬೋರ್ಡ್ ಜೊತೆ ಹೊಂದುವುದಿಲ್ಲ.

ಈಗ ಆರ್ಕೆಸ್ಟ್ರಾಗಳು ಮಧ್ಯದ ಎ ಸ್ವರವನ್ನು 440 ಹರ್ಟ್ಸ್‌ಗೆ ಇಟ್ಟುಕೊಳ್ಳುತ್ತವೆ. ಇದು 1939ರ ಲಂಡನ್ ಸಮ್ಮೇಳನದಲ್ಲಿ ಆದ ಒಪ್ಪಂದ. ಬರೋಕ್ ತಂಡಗಳು ಸಾಮಾನ್ಯವಾಗಿ 415ಕ್ಕೆ ಇಡುತ್ತವೆ. ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಮನೆ ಕೆಳಗೆ ಬಂದಹಾಗೆ. 18ನೇ ಶತಮಾನದಲ್ಲಿ ಊರಿಗೊಂದು ಶ್ರುತಿ ಇತ್ತು. 415 ಅನ್ನುವುದು ಎಲ್ಲರಿಗೂ ಅನುಕೂಲ ಆಗಲಿ ಅಂತ ಈ ಕಾಲದವರು ಆರಿಸಿಕೊಂಡ ಸಂಖ್ಯೆ. ಕೆಲವರು ಇನ್ನೂ ಕೆಳಗೆ 392ಕ್ಕೆ ಹೋಗುತ್ತಾರೆ. ಜಾನ್ ಬಟ್ ನಡೆಸುವ ಸ್ಕಾಟ್ಲೆಂಡಿನ ಡನೆಡಿನ್ ಕನ್ಸರ್ಟ್ 2013ರಲ್ಲಿ ತಂದ ಆಲ್ಬಂ ಆ ಶ್ರುತಿಯಲ್ಲಿದೆ. ಅಲ್ಲಿ ಎಲ್ಲ ವಾದ್ಯಗಳೂ ಸ್ವಲ್ಪ ಕಪ್ಪಾಗಿ, ನೆಮ್ಮದಿಯಾಗಿ ಕೇಳಿಸುತ್ತವೆ. ಹಾಡುವವರ ಕಂಠಕ್ಕೆ ತಕ್ಕಂತೆ ಶ್ರುತಿ ಇಟ್ಟುಕೊಳ್ಳುವ ಸಂಗೀತದಲ್ಲಿ ಬೆಳೆದ ನಮಗೆ ಇದು ಒಗ್ಗಲು ಕಷ್ಟ ಆಗಬಾರದು.

ಎರಡನೆಯ ಕನ್ಚೆರ್ಟೊದ ಟ್ರಂಪೆಟ್ ಬಗ್ಗೆ ಎಲ್ಲರೂ ಯಾಕೆ ಅಷ್ಟು ಮಾತಾಡುತ್ತಾರೆ?

ಮಾತಾಡಲೇಬೇಕಾದ ವಿಷಯ ಅದು. ಹಳೆಯ ವಾದ್ಯಗಳ ರೆಕಾರ್ಡಿಂಗ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇಲ್ಲಿ ಮುಂದೆ ನಿಂತು ನುಡಿಸುವವರು ನಾಲ್ವರು: ಟ್ರಂಪೆಟ್, ಓಬೋ, ಪಿಟೀಲು, ಜೊತೆಗೆ ರೆಕಾರ್ಡರ್ ಎಂಬ ಮರದ ಕೊಳಲು. ಈ ಕೊಳಲನ್ನು ಅಡ್ಡ ಹಿಡಿಯುವುದಿಲ್ಲ, ಮುಂದಕ್ಕೆ ಉದ್ದಕ್ಕೆ ಹಿಡಿದು ಊದುತ್ತಾರೆ. ಅದರ ನಾದ ಬಲು ಮೆಲು. ಅದನ್ನು ಟ್ರಂಪೆಟ್‌ನ ಪಕ್ಕ ನಿಲ್ಲಿಸಿ, ಇಬ್ಬರಿಗೂ ಒಂದೇ ಮಾತನ್ನು ಸರದಿಯ ಮೇಲೆ ಕೊಡುತ್ತಾನೆ ಬಾಖ್. ಈಗಿನ ಪುಟ್ಟ ಪಿಕೊಲೊ ಟ್ರಂಪೆಟ್‌ನಲ್ಲಿ ನುಡಿಸಿದರೆ ಕೊಳಲು ಮುಳುಗಿಹೋಗುತ್ತದೆ. ಆಗ ಸೌಂಡ್ ಇಂಜಿನಿಯರ್ ಕೊಳಲಿನ ಮೈಕು ಏರಿಸಬೇಕು. ಬಾಖ್ ಲೆಕ್ಕ ತಪ್ಪಿದನೇ ಅನ್ನಿಸುವುದು ಆಗ.

ಅವನು ಲೆಕ್ಕ ತಪ್ಪಲಿಲ್ಲ. ಆಗಿನ ಟ್ರಂಪೆಟ್ ಉದ್ದನೆಯ ಹಿತ್ತಾಳೆ ಕೊಳವೆ, ಅಷ್ಟೇ. ಒತ್ತುವ ವಾಲ್ವ್ ಇಲ್ಲ. ವಾಲ್ವ್ ಬಂದದ್ದು 1810ರ ದಶಕದಲ್ಲಿ. ವಾಲ್ವ್ ಇಲ್ಲದ ಕೊಳವೆಯಲ್ಲಿ ಸಹಜವಾಗಿ ಹುಟ್ಟುವ ಸ್ವರಗಳು ಕೆಳಗೆ ದೂರ ದೂರ ಇರುತ್ತವೆ, ತೀರಾ ಮೇಲೆ ಹೋದಾಗ ಮಾತ್ರ ಹತ್ತಿರ ಹತ್ತಿರ ಬರುತ್ತವೆ. ಹಾಗಾಗಿ ರಾಗದಂತೆ ಏನಾದರೂ ನುಡಿಸಬೇಕಾದರೆ ಮೇಲಿನ ಸ್ಥಾಯಿಗೇ ಹೋಗಬೇಕು. ಅಲ್ಲಿ ಗಟ್ಟಿಯಾಗಿ ಊದಿದರೆ ಸ್ವರ ಜಾರುತ್ತದೆ. ತುಟಿಯ ಹಿಡಿತದಲ್ಲಿ, ತಗ್ಗಿದ ದನಿಯಲ್ಲಿ ಹಾಡಿಸಬೇಕು. ಹಾಗೆ ನುಡಿಸಿದಾಗ ಟ್ರಂಪೆಟ್ ಕೊಳಲಿನ ಜೊತೆ ಮಾತಾಡಬಲ್ಲದು. ನಾಲ್ವರೂ ಸಮಾನರಾಗುತ್ತಾರೆ.

ಇನ್ನೊಂದು ತೊಡಕು ಇದೆ. ಸಹಜವಾಗಿ ಹುಟ್ಟುವ ಈ ಸ್ವರಗಳಲ್ಲಿ 11ನೆಯದು ಮತ್ತು 13ನೆಯದು ನಮ್ಮ ಕಿವಿಗೆ ಬೇಕಾದ ಸ್ಥಾನದಲ್ಲಿ ಕೂರುವುದಿಲ್ಲ. ಹಳಬರು ತುಟಿಯಿಂದಲೇ ಅವನ್ನು ಸರಿಪಡಿಸುತ್ತಿದ್ದರು. ಆ ವಿದ್ಯೆ ನಡುವೆ ಕಳೆದುಹೋಯಿತು. 1960ರ ಸುಮಾರಿಗೆ ಜರ್ಮನಿಯಲ್ಲಿ ಕೊಳವೆಗೆ ಸಣ್ಣ ತೂತುಗಳನ್ನು ಕೊರೆದು ಶ್ರುತಿ ತಿದ್ದುವ ಉಪಾಯ ಬಂತು. ಹಳೆಯ ವಾದ್ಯ ಅಂತ ಬರೆದಿರುವ ಆಲ್ಬಂಗಳಲ್ಲಿ ಬಹುಪಾಲು ಟ್ರಂಪೆಟ್‌ಗಳು ಇಂತಹ ತೂತಿನವೇ. ಇದು ಮೋಸ ಅಲ್ಲ, ರಾಜಿ. ತೂತೇ ಇಲ್ಲದ ಟ್ರಂಪೆಟ್ ಕೇಳಬೇಕಾದರೆ ಸಿಗಿಸ್ವಾಲ್ಡ್ ಕುಯ್ಕನ್ ಅವರ ಲಾ ಪೆಟಿಟ್ ಬಾಂದ್ ತಂಡ ಎರಡನೇ ಸಲ ಮಾಡಿದ ರೆಕಾರ್ಡಿಂಗ್ ಹುಡುಕಿ. ಅಲ್ಲಿ ಜಾನ್-ಫ್ರಾನ್ಸ್ವಾ ಮದೂಫ್ ನುಡಿಸಿದ್ದಾರೆ. ಅಲ್ಲಲ್ಲಿ ಸ್ವರ ಅಂಚಿನಲ್ಲಿ ನಡೆಯುತ್ತದೆ. ನನಗೆ ಅದು ಬೇಸರ ತರುವುದಿಲ್ಲ. ಒಬ್ಬ ಮನುಷ್ಯ ಬರಿಯ ತುಟಿ ಮತ್ತು ಉಸಿರಿನಿಂದ ಇಷ್ಟನ್ನು ಸಾಧಿಸಿದ್ದಾರೆ ಅನ್ನುವುದು ಮೈ ನವಿರೇಳಿಸುತ್ತದೆ. ಇದೇ ತಂಡ 1990ರ ದಶಕದಲ್ಲಿ ಮಾಡಿದ ಮೊದಲ ರೆಕಾರ್ಡಿಂಗ್‌ನಲ್ಲಿ ಟ್ರಂಪೆಟ್‌ನ ಜಾಗಕ್ಕೆ ಕೊಂಬು ಬಂದಿತ್ತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಇಡೀ ಕೃತಿ ಬೇರೆಯಾಗಿ ಕಾಣುತ್ತದೆ.

ಹಳೆಯ ವಾದ್ಯಗಳಲ್ಲಿ ಇವನ್ನು ಮೊದಲು ರೆಕಾರ್ಡ್ ಮಾಡಿದವರು ಯಾರು?

ದಾರಿ ತೆರೆದದ್ದು ನಿಕೊಲಾಸ್ ಹಾರ್ನೊನ್‌ಕೋರ್ಟ್. ಅವರು ವಿಯೆನ್ನಾದ ಆರ್ಕೆಸ್ಟ್ರಾ ಒಂದರಲ್ಲಿ ಚೆಲ್ಲೋ ನುಡಿಸುತ್ತಿದ್ದರು. ಬರೋಕ್ ಸಂಗೀತವನ್ನು ಅಲ್ಲಿ ನುಡಿಸುತ್ತಿದ್ದ ರೀತಿ ಅವರಿಗೆ ಒಪ್ಪಿಗೆಯಾಗಲಿಲ್ಲ. 1953ರಲ್ಲಿ ಪತ್ನಿ ಆಲಿಸ್ ಮತ್ತು ಗೆಳೆಯರ ಜೊತೆ ಕನ್ಸೆಂಟಸ್ ಮ್ಯೂಸಿಕಸ್ ತಂಡ ಕಟ್ಟಿದರು. ಸಾರ್ವಜನಿಕ ಕಚೇರಿ ಕೊಟ್ಟದ್ದು 1957ರಲ್ಲಿ. ಅಲ್ಲಿಯವರೆಗೆ ಅಭ್ಯಾಸ, ವಾದ್ಯಗಳ ಹುಡುಕಾಟ. 1964ರಲ್ಲಿ ಆರೂ ಬ್ರಾಂಡೆನ್‌ಬರ್ಗ್‌ಗಳನ್ನು ರೆಕಾರ್ಡ್ ಮಾಡಿದರು. ಈಗ ಕೇಳಿದರೆ ನಡೆ ಸ್ವಲ್ಪ ಭಾರ ಅನ್ನಿಸಬಹುದು, ಊದುವ ವಾದ್ಯಗಳು ಒದ್ದಾಡುವುದು ಕೇಳಿಸುತ್ತದೆ. ಆದರೂ ಆ ಬಣ್ಣಗಳು ಆವತ್ತಿನ ಕೇಳುಗರಿಗೆ ಪೂರ್ತಿ ಹೊಸವು.

ಅದೇ ದಶಕದಲ್ಲಿ ಜರ್ಮನಿಯ ಕೊಲೆಗಿಯಂ ಔರಿಯಂ ತಂಡವೂ ಮಾಡಿತು. ಅವರ ವಾದ್ಯ ಹಳೆಯದು, ನುಡಿಸುವ ಶೈಲಿ ಮಾತ್ರ ಇನ್ನೂ ಆ ಕಾಲದ ಮಾಮೂಲು ಆರ್ಕೆಸ್ಟ್ರಾಗಳದು. ವಾದ್ಯ ಬದಲಾದರೆ ಸಾಲದು, ಕೈಯೂ ಬದಲಾಗಬೇಕು ಅನ್ನುವುದು ಅದನ್ನು ಕೇಳಿದಾಗ ತಿಳಿಯುತ್ತದೆ.

1976 ಮತ್ತು 77ರಲ್ಲಿ ಗುಸ್ತಾವ್ ಲಿಯೊನ್‌ಹಾರ್ಟ್ ಒಂದು ಕನಸಿನಂತಹ ಗುಂಪು ಸೇರಿಸಿದರು. ಕೊಳಲಿಗೆ ಫ್ರಾನ್ಸ್ ಬ್ರೂಗನ್, ಪಿಟೀಲಿಗೆ ಸಿಗಿಸ್ವಾಲ್ಡ್ ಕುಯ್ಕನ್, ಚೆಲ್ಲೋಗೆ ಆನರ್ ಬಿಲ್ಸ್ಮಾ. ಇದು ನಾನು ಪದೇ ಪದೇ ಮರಳುವ ರೆಕಾರ್ಡಿಂಗ್. ಅವಸರ ಇಲ್ಲ, ಪ್ರದರ್ಶನ ಇಲ್ಲ. ಒಬ್ಬರು ನುಡಿಸುವಾಗ ಇನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವುದು ನಮಗೂ ಕೇಳಿಸುತ್ತದೆ.

ಹಾಗಾದರೆ ಅದಕ್ಕಿಂತ ಹಿಂದಿನ ರೆಕಾರ್ಡಿಂಗ್‌ಗಳೆಲ್ಲ ತಪ್ಪಾ?

ಖಂಡಿತ ಅಲ್ಲ. ಅಡಾಲ್ಫ್ ಬುಷ್ 1935ರಲ್ಲಿ ಲಂಡನ್‌ನಲ್ಲಿ ಮಾಡಿದ್ದನ್ನು ಕೇಳಿ. ಐದನೆಯದರಲ್ಲಿ ಹಾರ್ಪ್ಸಿಕಾರ್ಡ್ ಬದಲು ರುಡಾಲ್ಫ್ ಸರ್ಕಿನ್ ಪಿಯಾನೊ ನುಡಿಸುತ್ತಾರೆ. ವಾದ್ಯ ಬಾಖ್‌ನ ಕಾಲದ್ದಲ್ಲ, ಸಂಗೀತ ಮಾತ್ರ ಅಪ್ಪಟ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಆಕಾಶಕ್ಕೆ ಹೋದ ಚಿನ್ನದ ತಟ್ಟೆಯಲ್ಲಿ ಎರಡನೆಯ ಬ್ರಾಂಡೆನ್‌ಬರ್ಗ್‌ನ ಮೊದಲ ಭಾಗ ಇದೆ. ನುಡಿಸಿದ್ದು ಕಾರ್ಲ್ ರಿಕ್ಟರ್ ಅವರ ಮ್ಯೂನಿಕ್ ಬಾಖ್ ಆರ್ಕೆಸ್ಟ್ರಾ, ಆಧುನಿಕ ವಾದ್ಯಗಳಲ್ಲಿ. ಅದೇ ತಟ್ಟೆಯಲ್ಲಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿಯೂ ಇದೆ.

ಹಳೆಯ ವಾದ್ಯದವರೇ ಸರಿ, ಉಳಿದವರು ತಪ್ಪು ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಬಾಖ್ ಹೇಗೆ ನುಡಿಸಿದ ಅಂತ ಕೇಳಿದವರು ಯಾರೂ ಉಳಿದಿಲ್ಲ. ಪುಸ್ತಕ, ಚಿತ್ರ, ಹಸ್ತಪ್ರತಿ ನೋಡಿ ಊಹಿಸುತ್ತೇವೆ. ಹಳೆಯ ವಾದ್ಯ ಕೊಡುವುದು ಪ್ರಮಾಣಪತ್ರ ಅಲ್ಲ. ವಾದ್ಯಗಳ ನಡುವಿನ ತೂಕ ಸರಿಯಾಗುತ್ತದೆ, ಆಗ ಬರೆದದ್ದೆಲ್ಲ ಕೇಳಿಸುತ್ತದೆ. ನನಗೆ ಅಷ್ಟೇ ಸಾಕು.

ಒಂದೇ ಒಂದು ಆಲ್ಬಂ ಕೇಳುವುದಾದರೆ ಯಾವುದು?

ಟ್ರೆವರ್ ಪಿನಕ್ ಮತ್ತು ಇಂಗ್ಲಿಷ್ ಕನ್ಸರ್ಟ್, 1982. ನಡೆ ಚುರುಕು, ಎಲ್ಲವೂ ಸ್ಪಷ್ಟ, ಖುಷಿ ತುಂಬಿದೆ. ಮೊದಲ ಸಲ ಕೇಳುವವರನ್ನು ಇದು ಹೆದರಿಸುವುದಿಲ್ಲ. ಪಿನಕ್ ತಮ್ಮ 60ನೆಯ ವರ್ಷದ ನೆಪದಲ್ಲಿ ಯುರೋಪಿಯನ್ ಬ್ರಾಂಡೆನ್‌ಬರ್ಗ್ ಎನ್ಸೆಂಬಲ್ ಎಂಬ ಗುಂಪು ಸೇರಿಸಿ 2007ರಲ್ಲಿ ಮತ್ತೊಂದು ಆಲ್ಬಂ ತಂದರು. ಅದು ಇನ್ನೂ ಬಿಡುಬೀಸಾಗಿದೆ.

ಹೊಸದು ಬೇಕು, ನಾದ ಇವತ್ತಿನ ತಾಂತ್ರಿಕ ಗುಣಮಟ್ಟದಲ್ಲಿರಬೇಕು ಅಂದರೆ ಫ್ರೈಬರ್ಗ್ ಬರೋಕ್ ಆರ್ಕೆಸ್ಟ್ರಾದ 2014ರ ಆಲ್ಬಂ. ಅಥವಾ ಅರ್ಪಣೆಯ 300ನೇ ವರ್ಷಕ್ಕೆ, 2021ರಲ್ಲಿ, ಬರ್ಲಿನ್‌ನ ಅಕಾಡೆಮಿ ಫ್ಯೂರ್ ಆಲ್ಟೆ ಮ್ಯೂಸಿಕ್ ತಂದದ್ದು. ಅದರಲ್ಲಿ ಇಸಬೆಲ್ ಫೌಸ್ಟ್ ಪಿಟೀಲು, ಅಂತ್ವಾನ್ ತಾಮೆಸ್ತಿ ವಯೋಲಾ ನುಡಿಸಿದ್ದಾರೆ. ಎರಡೂ ಮೇಲ್ಮಟ್ಟದವು.

ಕೆಲವರು ಇಷ್ಟು ವೇಗವಾಗಿ ಯಾಕೆ ನುಡಿಸುತ್ತಾರೆ?

ನೀವು ಕೇಳಿದ್ದು ಬಹುಶಃ ರೈನ್‌ಹಾರ್ಡ್ ಗೋಬೆಲ್ ಮತ್ತು ಮ್ಯೂಸಿಕಾ ಆಂಟಿಕ್ವಾ ಕ್ಯೋಲ್ನ್ ತಂಡದ್ದು. 1980ರ ದಶಕದ ಆ ರೆಕಾರ್ಡಿಂಗ್‌ನಲ್ಲಿ ಮೂರನೆಯದು ಮತ್ತು ಆರನೆಯದು ಉಸಿರು ಬಿಗಿಹಿಡಿಯುವಷ್ಟು ವೇಗ. ಹಗುರ ಕಮಾನು, ಚಿಕ್ಕ ಗುಂಪು ಇದ್ದಾಗ ಸಹಜವಾಗಿ ನಡೆ ಚುರುಕಾಗುತ್ತದೆ. ಭಾರಿ ಆರ್ಕೆಸ್ಟ್ರಾ ತಿರುವು ತೆಗೆದುಕೊಳ್ಳುವ ಜಾಗದಲ್ಲಿ ಇವರು ಜಿಗಿಯಬಲ್ಲರು. ಗೋಬೆಲ್ ಅದನ್ನು ತುದಿಯವರೆಗೆ ಎಳೆದರು. ಮೂರನೆಯದರಲ್ಲಿ ನನಗೆ ಅದು ಇಷ್ಟ. ಆರನೆಯದರಲ್ಲಿ ವಯೋಲಾಗಳ ಬೆಚ್ಚಗಿನ ಮಾತುಕತೆಗೆ ಜಾಗವೇ ಇಲ್ಲ ಅನ್ನಿಸುತ್ತದೆ. ಆದರೂ ಒಮ್ಮೆ ಕೇಳಿ, ಇಷ್ಟು ಧೈರ್ಯ ಮಾಡಿದವರು ಕಡಿಮೆ.

ಮೂರನೆಯದರ ನಡುವಿನ ಟ್ರ್ಯಾಕ್ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಫೈಲ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಬಾಖ್ ಅಲ್ಲಿ ಬರೆದದ್ದು ಅಡಾಜಿಯೊ, ಅಂದರೆ ನಿಧಾನವಾಗಿ, ಎಂಬ ಸೂಚನೆ ಮತ್ತು ಎರಡು ಸ್ವರಗುಚ್ಛ ಮಾತ್ರ. ಒಂದು ವೇಗದ ಭಾಗಕ್ಕೂ ಇನ್ನೊಂದು ವೇಗದ ಭಾಗಕ್ಕೂ ನಡುವೆ ಅದೊಂದೇ ನಿಲುಗಡೆ. ಕೆಲವರು ಬರೆದಷ್ಟನ್ನೇ ನುಡಿಸಿ ಮುಂದೆ ಹೋಗುತ್ತಾರೆ. ಕೆಲವರು ಪಿಟೀಲು ಇಲ್ಲವೇ ಹಾರ್ಪ್ಸಿಕಾರ್ಡ್‌ನಲ್ಲಿ ಸ್ವಲ್ಪ ಹೊತ್ತು ಮನೋಧರ್ಮದಿಂದ ನುಡಿಸುತ್ತಾರೆ. ಬಾಖ್‌ನ ಬೇರೆ ಕೃತಿಯಿಂದ ಒಂದು ನಿಧಾನ ಭಾಗ ತಂದು ಸೇರಿಸುವವರೂ ಇದ್ದಾರೆ. ಎರಡನೆಯ ದಾರಿ ನನಗೆ ಸರಿ ಕಾಣುತ್ತದೆ, ಚಿಕ್ಕದಾಗಿದ್ದರೆ.

ಐದನೆಯದರಲ್ಲಿ ಹಾರ್ಪ್ಸಿಕಾರ್ಡ್ ಸರಿಯಾಗಿ ಕೇಳಿಸುವುದೇ ಇಲ್ಲವಲ್ಲ?

ಮೊದಲು ಆ ವಾದ್ಯದ ಸ್ವಭಾವ ತಿಳಿದರೆ ಒಳ್ಳೆಯದು. ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಹೊಡೆಯುತ್ತದೆ. ಹಾರ್ಪ್ಸಿಕಾರ್ಡ್‌ನಲ್ಲಿ ಹಕ್ಕಿಗರಿಯ ಚಿಕ್ಕ ಕಡ್ಡಿ ತಂತಿಯನ್ನು ಮೀಟುತ್ತದೆ. ಬೆರಳು ಎಷ್ಟೇ ಒತ್ತಿದರೂ ದನಿ ದೊಡ್ಡದಾಗುವುದಿಲ್ಲ. ಬರೋಕ್ ತಂಡದಲ್ಲಿ ಅದರ ಮಾಮೂಲು ಕೆಲಸ ಹಿಂದೆ ಕೂತು ಆಧಾರ ಕೊಡುವುದು. ಚೆಲ್ಲೋದ ಕೆಳಗಿನ ಸಾಲು, ಅದರ ಮೇಲೆ ಅಂಕಿಗಳು. ಅಂಕಿ ನೋಡಿ ಯಾವ ಸ್ವರ ತುಂಬಬೇಕು, ಹೇಗೆ ತುಂಬಬೇಕು ಅನ್ನುವುದನ್ನು ನುಡಿಸುವವರು ಅಲ್ಲಲ್ಲೇ ತೀರ್ಮಾನಿಸುತ್ತಾರೆ.

1719ರಲ್ಲಿ ಬಾಖ್ ಕ್ಯೋಥನ್‌ಗೆ ಬರ್ಲಿನ್‌ನಿಂದ ಹೊಸ ಹಾರ್ಪ್ಸಿಕಾರ್ಡ್ ತಂದ. ಮಾಡಿದವರು ಮೀಟ್ಕೆ, ಕೊಟ್ಟ ಹಣ 130 ಥಾಲರ್. ಐದನೆಯ ಕನ್ಚೆರ್ಟೊ ಆ ವಾದ್ಯಕ್ಕಾಗಿಯೇ ಹುಟ್ಟಿತು ಅಂತ ಹಲವರು ನಂಬುತ್ತಾರೆ. ಇಲ್ಲಿ ಅಡ್ಡ ಕೊಳಲು, ಪಿಟೀಲು, ಹಾರ್ಪ್ಸಿಕಾರ್ಡ್ ಮೂವರೂ ಮುಂದಿನ ಸಾಲಿನವರು. ಮೊದಲ ಭಾಗದ ಕೊನೆಗೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾಗುತ್ತಾರೆ. ಹಾರ್ಪ್ಸಿಕಾರ್ಡ್ ಒಂದೇ 65 ಬಾರ್, ಅಂದರೆ ನಮ್ಮ ತಾಳದ ಆವರ್ತದಂತಹ 65 ಸುತ್ತು, ನುಡಿಸುತ್ತದೆ. ಅಷ್ಟು ಹೊತ್ತು ಸೇವಕನಂತೆ ಹಿಂದಿದ್ದ ವಾದ್ಯ ಇಡೀ ಕೋಣೆಯನ್ನು ತನ್ನದಾಗಿಸಿಕೊಳ್ಳುವ ಗಳಿಗೆ ಅದು. ಪಿಯಾನೊದಲ್ಲಿ ಈ ಬೆರಗು ಹುಟ್ಟುವುದಿಲ್ಲ, ಪಿಯಾನೊ ಮೊದಲಿನಿಂದಲೂ ದೊಡ್ಡದಾಗಿಯೇ ಕೇಳಿಸಿರುತ್ತದೆ.

ಆದ್ದರಿಂದ ಹಾರ್ಪ್ಸಿಕಾರ್ಡ್ ಮೆಲ್ಲಗಿರುವುದು ದೋಷ ಅಲ್ಲ. ಆದರೆ ಸಂಗಡ ನುಡಿಸುವವರು ಚಿಕ್ಕ ಗುಂಪಾಗಿರಬೇಕು. ಕೆಫೆ ಜಿಮರ್‌ಮನ್ ಎಂಬ ಫ್ರಾನ್ಸಿನ ತಂಡದ ರೆಕಾರ್ಡಿಂಗ್‌ನಲ್ಲಿ ತೂಕ ಚೆನ್ನಾಗಿ ಸಿಗುತ್ತದೆ. ಅವರು ಆರನ್ನೂ ಒಂದೇ ಆಲ್ಬಂ ಆಗಿ ಮೊದಲು ಕೊಡಲಿಲ್ಲ. ಬಾಖ್‌ನ ಬೇರೆ ಕೃತಿಗಳ ಜೊತೆ ಹಲವು ಸಿಡಿಗಳಲ್ಲಿ ಹಂಚಿದ್ದರು. ಕ್ರಿಸ್ಟೋಫರ್ ಹಾಗ್‌ವುಡ್ ಮತ್ತು ಅಕಾಡೆಮಿ ಆಫ್ ಏನ್ಷಿಯಂಟ್ ಮ್ಯೂಸಿಕ್ 1980ರ ದಶಕದಲ್ಲಿ ಮಾಡಿದ್ದು ಇನ್ನೊಂದು ರೀತಿ. ಅವರು ಹಿಂದಿನ ಕರಡುಗಳನ್ನು ಆರಿಸಿಕೊಂಡರು. ಅಲ್ಲಿ ಈ ಒಂಟಿ ವಾದನ ಬಹಳ ಚಿಕ್ಕದು. ಬಾಖ್ ಆಮೇಲೆ ಅದನ್ನು ಎಷ್ಟು ಬೆಳೆಸಿದ ಅಂತ ಎರಡನ್ನೂ ಕೇಳಿದಾಗ ತಿಳಿಯುತ್ತದೆ.

ಆರನೆಯದರಲ್ಲಿ ಪಿಟೀಲು ಯಾಕಿಲ್ಲ?

ಕಾರಣವನ್ನು ಬಾಖ್ ಬರೆದಿಟ್ಟಿಲ್ಲ. ಇರುವುದು ಎರಡು ವಯೋಲಾ, ಎರಡು ಗಾಂಬಾ, ಒಂದು ಚೆಲ್ಲೋ, ವಿಯೊಲೋನೆ ಎಂಬ ತಗ್ಗಿನ ದನಿಯ ದೊಡ್ಡ ತಂತಿ ವಾದ್ಯ ಒಂದು, ಹಾರ್ಪ್ಸಿಕಾರ್ಡ್. ಗಾಂಬಾ ಅಂದರೆ ಆರೇಳು ತಂತಿಯ, ಕತ್ತಿಗೆ ಕರುಳಿನ ಮೆಟ್ಟಿಲು ಕಟ್ಟಿದ, ಕಾಲುಗಳ ನಡುವೆ ಹಿಡಿಯುವ ವಾದ್ಯ. ಆ ಕಾಲಕ್ಕೆ ಅದು ಶ್ರೀಮಂತರ, ದೊರೆಗಳ ವಾದ್ಯ. ರಾಜಕುಮಾರ ಲಿಯೊಪೋಲ್ಡ್ ಕೂಡ ಅದನ್ನು ನುಡಿಸುತ್ತಿದ್ದ ಅಂತ ಹೇಳುತ್ತಾರೆ. ವಯೋಲಾ ಸಾಮಾನ್ಯವಾಗಿ ನಡುವಿನ ಸಾಲಿನಲ್ಲಿ ಯಾರ ಗಮನಕ್ಕೂ ಬಾರದೆ ನುಡಿಯುವ ವಾದ್ಯ. ಇಲ್ಲಿ ಬಾಖ್ ಕಷ್ಟದ, ಸೊಗಸಾದ ಕೆಲಸವನ್ನೆಲ್ಲ ವಯೋಲಾಗಳಿಗೆ ಕೊಟ್ಟು, ಗಾಂಬಾಗಳಿಗೆ ಸುಲಭದ ಹಿನ್ನೆಲೆ ಕೊಟ್ಟ. ದೊರೆ ಜೊತೆಗೆ ಕೂತು ನುಡಿಸಲಿ ಅಂತ ಹೀಗೆ ಮಾಡಿರಬಹುದು.

ಆರರಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. ಎತ್ತರದ ದನಿ ಯಾವುದೂ ಇಲ್ಲ, ಎಲ್ಲ ಕಂದು ಬಣ್ಣ. ಆಧುನಿಕ ಆರ್ಕೆಸ್ಟ್ರಾದಲ್ಲಿ ಗಾಂಬಾದ ಜಾಗಕ್ಕೆ ಚೆಲ್ಲೋ ಬಂದರೆ ಕೆಳಗಿನ ಭಾಗ ಮಂದವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಗಾಂಬಾದ ನಾದ ತೆಳು, ಸ್ವಲ್ಪ ಮೂಗಿನ ದನಿ. ಅದು ಇದ್ದಾಗ ಒಂದೊಂದು ಎಳೆಯೂ ಬೇರೆ ಬೇರೆ ಕೇಳುತ್ತದೆ. ಲಿಯೊನ್‌ಹಾರ್ಟ್ ಅವರದರಿಂದ ಶುರು ಮಾಡಿ.

ಒಂದು ಮತ್ತು ನಾಲ್ಕರ ಬಗ್ಗೆ?

ಒಂದರಲ್ಲಿ ಎರಡು ಬೇಟೆಯ ಕೊಂಬುಗಳು ಅರಮನೆಯೊಳಕ್ಕೆ ನುಗ್ಗುತ್ತವೆ, ಕಾಡಿನಲ್ಲಿ ಕೂಗುವ ಕೂಗನ್ನೇ ಕೂಗುತ್ತವೆ. ವಾಲ್ವ್ ಇಲ್ಲದ ಕೊಂಬಿನಲ್ಲಿ ಆ ಒರಟು ಗಮ್ಮತ್ತು ಪೂರ್ತಿ ಸಿಗುತ್ತದೆ. ನಾಲ್ಕರಲ್ಲಿ ಎರಡು ರೆಕಾರ್ಡರ್ ಕೊಳಲು ಮತ್ತು ಹುಚ್ಚೆದ್ದು ಓಡುವ ಒಂದು ಪಿಟೀಲು. ಮಿಲಾನಿನ ಇಲ್ ಜಾರ್ಡಿನೊ ಆರ್ಮೊನಿಕೊ ತಂಡದ್ದನ್ನು ಕೇಳಿ. ಅದರ ಮುಖ್ಯಸ್ಥ ಜೊವಾನಿ ಆಂಟೊನಿನಿ ಸ್ವತಃ ಕೊಳಲು ನುಡಿಸುವವರು.

ಎಷ್ಟು ಜನ ನುಡಿಸಬೇಕು? ಕಂಡಕ್ಟರ್ ಬೇಕಾ?

ಕ್ಯೋಥನ್ ತಂಡದಲ್ಲಿ ಇದ್ದವರೇ 17ರ ಆಸುಪಾಸು. ಹಾಗಾಗಿ ಒಂದು ಸಾಲಿಗೆ ಒಬ್ಬರೇ ಅನ್ನುವುದು ಈಗ ಹೆಚ್ಚಿನವರ ಒಲವು. ಮುಂದೆ ನಿಂತು ಕೈಸನ್ನೆಯಿಂದ ತಂಡ ನಡೆಸುವ ಕಂಡಕ್ಟರ್ ಬೇಕಾಗಿಲ್ಲ. ಜಾನ್ ಎಲಿಯಟ್ ಗಾರ್ಡಿನರ್ ಕೂಡ 2009ರ ತಮ್ಮ ಆಲ್ಬಂನಲ್ಲಿ ಮೊದಲ ಎರಡನ್ನು ಮಾತ್ರ ನಡೆಸಿ, ಉಳಿದ ನಾಲ್ಕನ್ನು ವಾದ್ಯಗಾರರಿಗೇ ಬಿಟ್ಟರು.

ಕರ್ನಾಟಕ ಸಂಗೀತ ಕೇಳಿ ಬೆಳೆದವರು ಇದನ್ನು ಹೇಗೆ ಕೇಳಬೇಕು?

ಮೇಲಿನ ರಾಗವನ್ನು ಮಾತ್ರ ಹಿಂಬಾಲಿಸಬೇಡಿ. ನಮಗೆ ಅದು ಅಭ್ಯಾಸ, ಒಂದು ದನಿ ಮುಂದೆ, ಉಳಿದದ್ದು ಅದರ ಹಿಂದೆ. ಇಲ್ಲಿ ಮೂರ್ನಾಲ್ಕು ದನಿ ಒಟ್ಟಿಗೆ ಮಾತಾಡುತ್ತವೆ. ಮೊದಲ ಸಲ ಚೆಲ್ಲೋ ಮತ್ತು ವಿಯೊಲೋನೆಯ ಕೆಳಗಿನ ಸಾಲನ್ನು ಮಾತ್ರ ಹಿಡಿದು ಕೇಳಿ. ಎರಡನೇ ಸಲ ನಡುವಿನವರನ್ನು. ಮೂರನೆಯ ಕನ್ಚೆರ್ಟೊ ಇದಕ್ಕೆ ಒಳ್ಳೆಯದು. ಮೂರು ಪಿಟೀಲು, ಮೂರು ವಯೋಲಾ, ಮೂರು ಚೆಲ್ಲೋ ಒಂದು ಪುಟ್ಟ ಸ್ವರ ತುಣುಕನ್ನು ಕೈಯಿಂದ ಕೈಗೆ ದಾಟಿಸುತ್ತಾ ಹೋಗುತ್ತವೆ. ಹೆಡ್‌ಫೋನ್ ಹಾಕಿಕೊಂಡರೆ ಅದು ಎಡದಿಂದ ಬಲಕ್ಕೆ ಸಾಗುವುದು ಕಾಣುತ್ತದೆ ಅಂತಲೇ ಹೇಳಬಹುದು. ಗಮಕ ಇಲ್ಲ ಅಂತ ಬೇಸರ ಬೇಡ. ನಿಧಾನ ಭಾಗಗಳಲ್ಲಿ ಒಳ್ಳೆಯ ವಾದ್ಯಗಾರರು ಸ್ವರಕ್ಕೆ ಅಲಂಕಾರ ಸೇರಿಸುತ್ತಾರೆ, ಒಬ್ಬೊಬ್ಬರದು ಒಂದೊಂದು ಬಗೆ.

ಈ ಲೋಕಕ್ಕೂ ಮೈಸೂರಿಗೂ ಏನೋ ನಂಟು ಇತ್ತಂತೆ?

ಹಳೆಯ ವಾದ್ಯಗಳಿಗಲ್ಲ, ಪಾಶ್ಚಾತ್ಯ ಸಂಗೀತದ ರೆಕಾರ್ಡಿಂಗ್‌ಗೆ ದೊಡ್ಡ ನಂಟೇ ಇತ್ತು. ಮಹಾರಾಜ ಜಯಚಾಮರಾಜ ಒಡೆಯರ್ 1940ರ ದಶಕದ ಕೊನೆಯಲ್ಲಿ ರಷ್ಯದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ರೆಕಾರ್ಡ್ ಮಾಡಲು ಹಣ ಕೊಟ್ಟರು. ಆ ವಯಸ್ಸಾದ ಸಂಗೀತಗಾರ ತಮ್ಮ ಕೃತಿಗಳನ್ನು ತಾವೇ ನುಡಿಸಿದ್ದು ಇವತ್ತಿಗೂ ಉಳಿದಿರುವುದು ಅದರಿಂದ. ಲಂಡನ್‌ನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೂ ಅವರ ನೆರವು ಇತ್ತು.

ಬ್ರಾಂಡೆನ್‌ಬರ್ಗ್ ಆಯಿತು. ಮುಂದೆ ಏನು ಕೇಳಲಿ?

ವಿವಾಲ್ಡಿಯ ನಾಲ್ಕು ಋತುಗಳು. 1725ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದವು. ಲಿಫ್ಟಿನಲ್ಲಿ, ಫೋನಿನಲ್ಲಿ ಕೇಳಿ ಕೇಳಿ ಸವೆದುಹೋಗಿದೆ ಅನ್ನಿಸಿದರೆ ಫಾಬಿಯೊ ಬಿಯೊಂಡಿ ಮತ್ತು ಯೂರೋಪಾ ಗಲಾಂಟೆ 1991ರಲ್ಲಿ ಮಾಡಿದ್ದನ್ನು, ಇಲ್ ಜಾರ್ಡಿನೊ ಆರ್ಮೊನಿಕೊ 1993ರಲ್ಲಿ ಮಾಡಿದ್ದನ್ನು ಕೇಳಿ. ವಸಂತದ ನಿಧಾನ ಭಾಗದಲ್ಲಿ ಕುರುಬ ಮಲಗಿದ್ದಾನೆ, ಪಕ್ಕದಲ್ಲಿ ನಾಯಿ ಬೊಗಳುತ್ತಿದೆ. ನಾಯಿಯ ಪಾತ್ರ ವಯೋಲಾದ್ದು. ಕರುಳಿನ ತಂತಿಯಲ್ಲಿ ಅದು ನಿಜಕ್ಕೂ ಬೊಗಳುತ್ತದೆ.

ಆಮೇಲೆ ಹ್ಯಾಂಡೆಲ್ 1739ರಲ್ಲಿ ಸುಮಾರು ಒಂದೇ ತಿಂಗಳಲ್ಲಿ ಬರೆದ 12 ಕನ್ಚೆರ್ಟೊಗಳು. ಅವನಿಗೂ ಬಾಖ್‌ನ ಕಾಲದವರೆಲ್ಲರಿಗೂ ಮಾದರಿಯಾದ ಕೊರೆಲ್ಲಿಯ 12, ಕೊರೆಲ್ಲಿ ತೀರಿಹೋದ ಮರುವರ್ಷ 1714ರಲ್ಲಿ ಪ್ರಕಟವಾದವು. ಕೊರೆಲ್ಲಿ ಶಾಂತ. ರಾತ್ರಿ ಹೊತ್ತಿಗೆ ಚೆನ್ನ.

ಆ್ಯಪ್‌ನಲ್ಲಿ ಹುಡುಕಿದರೆ ನೂರಾರು ಬರುತ್ತವೆ. ಸರಿಯಾದದ್ದನ್ನು ಗುರುತಿಸುವುದು ಹೇಗೆ?

ಕೃತಿಯ ಹೆಸರಿನಿಂದ ಹುಡುಕಬೇಡಿ, ತಂಡದ ಹೆಸರು ಸೇರಿಸಿ ಹುಡುಕಿ. ತಂಡದ ಹೆಸರೇ ಇಲ್ಲದ, ಮನಸ್ಸಿಗೆ ನೆಮ್ಮದಿ, ಓದಿಗೆ ಸಹಾಯ ಎಂಬ ತಲೆಬರಹದ ಸಂಗ್ರಹಗಳನ್ನು ಬಿಡಿ. ಒಂದೇ ರೆಕಾರ್ಡಿಂಗ್ ಬೇರೆ ಬೇರೆ ಮುಖಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ್ಯಪ್ ತೋರಿಸುವ ವರ್ಷ ಮರುಬಿಡುಗಡೆಯದ್ದಾಗಿರಬಹುದು. ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಜಾಹೀರಾತು ಬಾರದಂತೆ, ಟ್ರ್ಯಾಕ್‌ಗಳು ಕಲಸಿಹೋಗದಂತೆ ಸೆಟ್ಟಿಂಗ್ ನೋಡಿಕೊಳ್ಳಿ.

ದುಡ್ಡು ಕೊಡದೆ, ವಾದ್ಯಗಳನ್ನು ಕಣ್ಣಾರೆ ನೋಡುತ್ತಾ ಕೇಳಲು ಆಗುತ್ತಾ?

ಆಗುತ್ತದೆ. ನೆದರ್ಲೆಂಡ್ಸ್ ಬಾಖ್ ಸೊಸೈಟಿ ಬಾಖ್‌ನ ಕೃತಿಗಳನ್ನೆಲ್ಲ ಒಂದೊಂದಾಗಿ ವಿಡಿಯೊ ಮಾಡಿ ಯೂಟ್ಯೂಬ್‌ನಲ್ಲಿ ಉಚಿತವಾಗಿ ಹಾಕುತ್ತಿದೆ. ಬ್ರಾಂಡೆನ್‌ಬರ್ಗ್‌ಗಳೂ ಅಲ್ಲಿ ಸಿಗುತ್ತವೆ. ಕ್ಯಾಮೆರಾ ವಾದ್ಯದ ಹತ್ತಿರಕ್ಕೆ ಹೋಗುತ್ತದೆ. ಕಮಾನಿನ ಬಾಗು, ಗಾಂಬಾ ಹಿಡಿಯುವ ರೀತಿ, ವಾದ್ಯಗಾರರು ಒಬ್ಬರನ್ನೊಬ್ಬರು ನೋಡಿಕೊಂಡು ಶುರು ಮಾಡುವುದು ಎಲ್ಲ ಕಾಣುತ್ತದೆ. ಆರನೆಯದನ್ನು ಮೊದಲು ಹಾಕಿ ನೋಡಿ.